ಜಸ್ತದ ತಗಡು, ಸೇಠನ ಕಣ್ಣು

ಸೇಡು ತೀರಿಸಿಕೊಳ್ಳುವುದರಲ್ಲಿ ನನಗೆ ನಾಚಿಕೆಯಿಲ್ಲ. ಕ್ಷಮಿಸಿಬಿಟ್ಟರೆ ಮನಸ್ಸು ಹಗುರಾಗುತ್ತದೆ ಎಂದು ಬುದ್ಧಿ ಹೇಳುವವರನ್ನು ಬೇಕಾದಷ್ಟು ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ಯಾರಿಂದಲೋ ಕ್ಷಮೆ ಬೇಕಾಗಿದ್ದವರು. ನನ್ನ ಮನಸ್ಸು ಹಗುರಾದದ್ದು ಗೋವಾದ ಫೋಂಡಾದಲ್ಲಿನ ಒಂದು ಗ್ರಿಲ್ ವರ್ಕ್‌ಶಾಪಿನಲ್ಲಿ, ನನ್ನ ಅವ್ವ ಕೂರುವ ಮಣೆಯ ಮೇಲೆ ಅದರ ಮಾಲಕ ಕೂತ ಮಧ್ಯಾಹ್ನ. ಅದನ್ನು ನೆನೆದರೆ ಇವತ್ತಿಗೂ ಒಂದು ತುತ್ತು ಹೆಚ್ಚಿಗೆ ಊಟ ಸೇರುತ್ತದೆ.

ನಾವು ವಿಜಯಪುರದ ಕಡೆಯವರು. ಅಪ್ಪ ಕಲಂಗುಟ್‌ನಲ್ಲಿ ಹೋಟೆಲು ಕಟ್ಟುವ ಕೆಲಸಕ್ಕೆ ಹೋಗಿ ಅಲ್ಲೇ ಇರುತ್ತಿದ್ದ, ಭಾನುವಾರ ಮನೆಗೆ ಬರುತ್ತಿದ್ದ. ಅವ್ವ ಈ ವರ್ಕ್‌ಶಾಪಿನಲ್ಲಿ ಹೆಲ್ಪರ್. ವರ್ಕ್‌ಶಾಪಿನ ಹಿಂದಿನ ಲೈನ್ ಮನೆಗಳಲ್ಲಿ ನಮ್ಮದೊಂದು ಖೋಲಿ. ಮಗಳು ನಾನು ಆಗ ಬಿ.ಎಸ್ಸಿ. ಓದುತ್ತಿದ್ದೆ.

ಹೆಲ್ಪರ್ ಎಂದರೆ ಕಿಟಕಿಯ ಸರಳನ್ನೋ ಗೇಟಿನ ಪಟ್ಟಿಯನ್ನೋ ಎರಡೂ ಕೈಯಲ್ಲಿ ಅಲುಗಾಡದಂತೆ ಹಿಡಿದು ಕೂರುವವಳು. ವೆಲ್ಡಿಂಗ್ ಮಾಡುವವನು ನಮ್ಮ ತಾಲೂಕಿನ ಒಬ್ಬ ಮುಸಲ್ಮಾನ ಹಿರಿಯ, ನಾವೆಲ್ಲ ಚಾಚಾ ಅನ್ನುತ್ತಿದ್ದೆವು. ಅವನ ಮುಖಕ್ಕೆ ಕಪ್ಪು ಗಾಜಿನ ಮಾಸ್ಕ್ ಇತ್ತು. ಇಡೀ ವರ್ಕ್‌ಶಾಪಿನಲ್ಲಿ ಇದ್ದದ್ದು ಅದೊಂದೇ. ರಾಡು ತಾಗಿಸುವ ಮೊದಲು ಅವನು “ಕಣ್ಣ!” ಎಂದು ಕೂಗುತ್ತಿದ್ದ, ಅವ್ವ ಕೈ ಬಿಡದೆ ಮುಖವನ್ನು ಮಾತ್ರ ಗೋಡೆಗೆ ತಿರುಗಿಸುತ್ತಿದ್ದಳು. ನಮ್ಮ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಟ್ಟ ಪದ್ಧತಿ ಅದು. ಒಲೆಯ ಝಳಕ್ಕೆ ಮುಖ ತಿರುಗಿಸುವ ಹಾಗೆಯೇ ಇದಕ್ಕೂ ತಿರುಗಿಸಿದರೆ ಆಯಿತು, ಬೆಂಕಿಗೆ ಬೆನ್ನು ಹಾಕಿದರೆ ಬೆಂಕಿ ಏನೂ ಮಾಡದು ಎಂದು ಎಲ್ಲರೂ ನಂಬಿದ್ದರು. ಆದರೆ ಆ ಗೋಡೆಗೆ ನಮ್ಮ ಮಾಲಕ ಸೇಠ ತಳತಳಿಸುವ ಅಲ್ಯುಮಿನಿಯಂ ತಗಡು ಬಡಿಸಿದ್ದ. ಒಂದು ಟ್ಯೂಬ್‌ಲೈಟಿನಲ್ಲೇ ಎರಡರ ಬೆಳಕು ಬರಲಿ ಎಂಬ ಜಾಣತನ.

ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ ಅವ್ವನ ಕಣ್ಣುರಿ ಶುರುವಾಗುತ್ತಿತ್ತು. ಮೊದಲು ಉಸುಕು ಬಿದ್ದ ಹಾಗೆ, ಆಮೇಲೆ ಖಾರದ ಕೈ ತಾಗಿದ ಹಾಗೆ. ಬಟಾಟಿಯನ್ನು ತೆಳ್ಳಗೆ ಹೆಚ್ಚಿ ರೆಪ್ಪೆಯ ಮೇಲಿಟ್ಟು, ಒದ್ದೆ ಬಟ್ಟೆ ಕಟ್ಟಿಕೊಂಡು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ವೆಲ್ಡಿಂಗ್ ಕಣ್ಣಿಗೆ ಬಡಿದರೆ ಬಟಾಟಿ ಕಟ್ಟುವುದು ನಮ್ಮ ಲೈನಿನ ಔಷಧ. ಅದರಿಂದ ತಂಪಾಗುತ್ತಿತ್ತೇ ಹೊರತು ವಾಸಿಯಾಗುತ್ತಿರಲಿಲ್ಲ, ಒಂದೆರಡು ದಿನಕ್ಕೆ ಕಣ್ಣು ತಾನಾಗೇ ಸರಿಹೋಗುತ್ತಿತ್ತು. ಸರಿಹೋದ ಮೇಲೆ ಮತ್ತೆ ಬಡಿಯುತ್ತಿತ್ತು. ಕೆಲಸ ಮುಗಿಸಿ ಬಂದು ಅವಳು ಹಳೆ ಸೀರೆಗಳ ಕೌದಿ ಹೊಲಿಯುತ್ತಿದ್ದಳು, ಅದೊಂದೇ ಅವಳ ಖುಷಿಯ ಕೆಲಸ. ಆ ದಿನಗಳಲ್ಲಿ ಸೂಜಿ ಕೌದಿಯಲ್ಲಿ ಚುಚ್ಚಿದ್ದು ಚುಚ್ಚಿದ ಹಾಗೇ ಇರುತ್ತಿತ್ತು.

ಒಮ್ಮೆ ಅವಳು ಊದಿದ ಕಣ್ಣಲ್ಲೇ ಕೆಲಸಕ್ಕೆ ಹೋದಳು. ಮರೆತು ಹೋದ ಡಬ್ಬಿ ಕೊಡಲು ನಾನೂ ಹಿಂದೆಯೇ ಹೋದೆ. ಗೇಟು ಒಯ್ಯಲು ಬಂದ ಗಿರಾಕಿಗಳಿದ್ದರು, ಟೆಂಪೋದವನಿದ್ದ. ಕಣ್ಣೀರಿನಲ್ಲಿ ಏನೂ ಕಾಣದೆ ಅವ್ವನ ಕೈಯಿಂದ ಒಂದು ಸರಳು ಜಾರಿ ಬಿತ್ತು. ಸೇಠ ತನ್ನ ಗಾಜಿನ ಕ್ಯಾಬಿನ್ನಿನಿಂದ ಹೊರಗೆ ಬಂದು ಅವಳ ಮುಖ ನೋಡಿದ. ಅವನು ಗೋವಾದವನೇ. ಕೆಲಸದವರ ಜೊತೆ ಇದ್ದೂ ಇದ್ದೂ ನಮ್ಮ ಕನ್ನಡ ಕಲಿತಿದ್ದ, ಅದರ ಮರ್ಯಾದೆ ಮಾತ್ರ ಕಲಿತಿರಲಿಲ್ಲ.

“ಏ ಬಾಯಿ, ಮುಂಜಾನಿಗೇ ಫೆನಿ ಹೊಡದ ಬಂದೀ ಏನ?” ಎಂದ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ.

ಗಿರಾಕಿಗಳು ನಕ್ಕರು. ಫೆನಿ ಎಂದರೆ ಗೇರುಹಣ್ಣಿನ ಸಾರಾಯಿ, ನನ್ನ ಅವ್ವ ಕುಡಿದ ಅತಿ ಖಾರದ ಪದಾರ್ಥ ಶುಂಠಿ ಕಷಾಯ. ಆದರೂ ಅವಳು ತಲೆ ತಗ್ಗಿಸಿ ಹೇಳಿದಳು: “ವೆಲ್ಡಿಂಗ್ ಬೆಳಕ್ರಿ ಸೇಠ. ಕಣ್ಣಿಗೆ ಬಡದೈತಿ. ಚಾಚಾಗ ಇದ್ದಂಗ ನನಗೂ ಒಂದ ಮಾಸ್ಕ ಕೊಡಸ್ರಿ, ನಿಮಗ ಪುಣ್ಯಾ ಬರ್ತೈತಿ.”

“ಮಾಸ್ಕ ಬೇಕಂತ! ಊರಾಗ ಬಿಸಿಲಾಗ ಕಲ್ಲ ಒಡದಾಕಿ ನೀ. ಸೂರ್ಯಾ ಏನೂ ಮಾಡಲಿಲ್ಲ, ನೆರಳಾಗ ಕುಂತಾಕಿಗೆ ಈ ಕಿಡಿ ಏನ ಮಾಡತೈತಿ? ಕಲಂಗುಟ್‌ನ್ಯಾಗ ಹೋಗಿ ನೋಡ, ಗೋರೇ ಮಂದಿ ಬಿಸಿಲಾಗ ಬಿದ್ಕೊಳ್ಳಾಕಂತನ ವಿಮಾನ ಹತ್ತಿ ಬರ್ತಾರ.”

ಮತ್ತೆ ನಗು. ಮರುದಿನ ಅವನು ಬೀಚಿನ ಅಂಗಡಿಯ ಕಪ್ಪು ಪ್ಲಾಸ್ಟಿಕ್ ಕನ್ನಡಕ ತಂದು ಅವಳ ಮಡಿಲಿಗೆ ಎಸೆದು, “ಹಾಕ್ಕೋ ಹೀರೋಯಿನ್” ಎಂದನಂತೆ. ಹಾಕಿಕೊಂಡಳು. ಕಣ್ಣೆದುರು ಮಬ್ಬಾಯಿತು, ಪಕ್ಕದ ಸಂದಿಯಿಂದ ಬರುವುದು ಬರುತ್ತಲೇ ಇತ್ತು. ಇತ್ತ ಟೆಂಪೋದವನ ಬಾಯಿಂದ ಆ ಮಾತು ಕಿರಾಣಿ ಅಂಗಡಿಯವರೆಗೂ ಹೋಗಿ, ಅಲ್ಲಿ ಯಾರೋ ಅವ್ವನಿಗೆ ಫೆನಿಬಾಯಿ ಎಂದರು. ಅಲ್ಲಿಂದ ಮುಂದೆ ಅವಳು ಅಂಗಡಿಗೆ ಹೋಗುವುದನ್ನೇ ಬಿಟ್ಟಳು. ಉಪ್ಪು ಎಣ್ಣೆ ತರಲು ನಾನು ಹೋಗುತ್ತಿದ್ದೆ, ಪ್ರತಿ ಸಲವೂ ಆ ಹೆಸರು ಕೇಳಿಕೊಂಡೇ ಬರುತ್ತಿದ್ದೆ. ಈ ಮನುಷ್ಯನ ಸೊಕ್ಕು ಮುರಿಯಬೇಕು, ಅದೂ ಅವನ ಮಾತಿನಿಂದಲೇ ಮುರಿಯಬೇಕು ಎಂದು ಆಗಲೇ ನಿರ್ಧರಿಸಿದ್ದೆ. ಹೇಗೆ ಎನ್ನುವುದು ಗೊತ್ತಿರಲಿಲ್ಲ.

ಗೊತ್ತಾದದ್ದು ಕಾಲೇಜಿನಲ್ಲಿ. ಮಳೆಗಾಲ ಮುಗಿದು ಗಾಳಿ ಒಣಗಿದ ಮೇಲೆ ನಮ್ಮ ಮೇಡಂ ಒಂದು ಪ್ರಯೋಗ ತೋರಿಸಿದರು. ಗಾಜಿನ ಪೆಟ್ಟಿಗೆಯೊಳಗೆ ತೂಗುವ ಎರಡು ತೆಳ್ಳನೆಯ ಲೋಹದ ಎಲೆ, ಮೇಲೆ ಉಜ್ಜಿ ಬೆಳ್ಳಗೆ ಮಾಡಿದ ಸತುವಿನ ತಟ್ಟೆ. ನಮ್ಮ ಮಂದಿ ಜಸ್ತ ಅನ್ನುವ ಲೋಹ ಅದು. ತಟ್ಟೆಗೆ ಋಣ ವಿದ್ಯುತ್ತು ಕೊಟ್ಟರೆ ಎಲೆಗಳು ಒಂದನ್ನೊಂದು ದೂಡಿಕೊಂಡು ಅಗಲವಾಗಿ ನಿಲ್ಲುತ್ತವೆ. ಮೇಡಂ ದೊಡ್ಡ ಬಲ್ಬನ್ನು ತಟ್ಟೆಯ ಹತ್ತಿರ ತಂದರು. ಎಲೆ ಅಲುಗಲಿಲ್ಲ. ಇನ್ನೂ ಹತ್ತಿರ, ಇನ್ನೊಂದು ಬಲ್ಬು, ಕಣ್ಣು ಕುಕ್ಕುವಷ್ಟು ಬೆಳಕು. ಅಲುಗಲಿಲ್ಲ. ಆಮೇಲೆ ಎಲ್ಲ ಆರಿಸಿ, ನೇರಳಾತೀತ ಬೆಳಕಿನ ಒಂದು ಪುಟ್ಟ ದೀಪವನ್ನು ದೂರದಿಂದ ಹಿಡಿದರು. ಕಣ್ಣಿಗೆ ಏನೂ ಅನ್ನಿಸದ ಮಂದ ನೀಲಿ. ಎಲೆಗಳು ತಟ್ಟನೆ ಕುಸಿಯತೊಡಗಿದವು. ದೀಪ ಹತ್ತಿರ ತಂದಾಗ ಇನ್ನೂ ಬೇಗ ಕುಸಿದವು.

“ಎಷ್ಟು ಬೆಳಕು ಎನ್ನುವುದು ಎರಡನೆಯ ಪ್ರಶ್ನೆ. ಎಂಥ ಬೆಳಕು ಎನ್ನುವುದು ಮೊದಲನೆಯದು” ಎಂದರು ಮೇಡಂ.

ನನಗೆ ನಮ್ಮ ಲೈನಿನ ಹಿಂದಿನ ಮಾವಿನ ಮರ ನೆನಪಾಯಿತು. ತುದಿಯ ಕಾಯಿಗೆ ಕಲ್ಲು ಮುಟ್ಟಿಸುವ ಕಸುವು ಒಬ್ಬನ ತೋಳಲ್ಲೂ ಇಲ್ಲದಿದ್ದರೆ, ಊರಿನ ಮಕ್ಕಳೆಲ್ಲ ಸೇರಿ ಇಡೀ ದಿನ ಎಸೆದರೂ ಒಂದು ಕಾಯಿ ಬೀಳುವುದಿಲ್ಲ. ಒಬ್ಬನ ಕಲ್ಲಿನ ಕಸುವು ಇನ್ನೊಬ್ಬನ ಕಲ್ಲಿಗೆ ಬರುವುದಿಲ್ಲ. ಕಸುವುಳ್ಳವನು ಒಬ್ಬನೇ ಬಂದರೂ ಕಾಯಿ ಬೀಳುತ್ತದೆ, ಅಂಥವರು ಹೆಚ್ಚು ಬಂದರೆ ಹೆಚ್ಚು ಬೀಳುತ್ತವೆ. ಬೆಳಕೂ ಹಾಗೆಯೇ ಕಣ ಕಣವಾಗಿ ಬರುತ್ತದೆ. ಒಂದೊಂದು ಕಣದ ಕಸುವು ಅದರ ಆವೃತ್ತಿಯಿಂದ, ಅಂದರೆ ಅದು ಎಷ್ಟು ವೇಗವಾಗಿ ಕಂಪಿಸುತ್ತದೆ ಎನ್ನುವುದರಿಂದ. ಪ್ರಖರತೆ ಎಂದರೆ ಬರೀ ಕಣಗಳ ಸಂಖ್ಯೆ. ಜಸ್ತದಿಂದ ಎಲೆಕ್ಟ್ರಾನನ್ನು ಕೀಳುವ ಕಸುವು ಬಲ್ಬಿನ ಕಣಕ್ಕಿಲ್ಲ, ಆ ಮಂಕು ದೀಪದ ಕಣಕ್ಕಿದೆ.

ತರಗತಿ ಮುಗಿದ ಮೇಲೆ ಮೇಡಂ ಹತ್ತಿರ ಹೋಗಿ ವೆಲ್ಡಿಂಗ್ ಬಗ್ಗೆ ಕೇಳಿದೆ. ಅದರ ಕಿಡಿಯಲ್ಲಿ ನೇರಳಾತೀತ ಧಾರಾಳವಾಗಿದೆ ಎಂದರು. ಸೂರ್ಯನಲ್ಲೂ ಇದೆ, ಆದರೆ ಅದರ ಅತಿ ಕಸುವಿನ ಪಾಲನ್ನು ಮೇಲಿನ ಗಾಳಿಯೇ ತಡೆದುಬಿಡುತ್ತದೆ. ಹೊಳೆಯುವ ಅಲ್ಯುಮಿನಿಯಂ ಅದನ್ನು ಕನ್ನಡಿಯ ಹಾಗೆ ವಾಪಸು ಎಸೆಯುತ್ತದೆ, ದಪ್ಪ ಗಾಜು ಬಹುಮಟ್ಟಿಗೆ ನುಂಗುತ್ತದೆ. ಕಣ್ಣಿನಲ್ಲಿ ಆಗುವುದು ಜಸ್ತದಲ್ಲಿ ಆಗುವುದೇ ಅಲ್ಲ, ಆದರೆ ಅಲ್ಲಿಯೂ ಕೆಡಿಸುವುದು ಕಣದ ಕಸುವೇ ಎಂದೂ ಹೇಳಿದರು. ನಾನು ಬಸ್ಸಿನಲ್ಲಿ ಮನೆಗೆ ಬರುವಾಗ ಗೋಡೆಗೆ ಮುಖ ಮಾಡಿ ಕೂತ ಅವ್ವನೇ ಕಣ್ಣಿಗೆ ಕಟ್ಟಿದಳು. ಬೆಂಕಿಯಿಂದ ತಪ್ಪಿಸಿಕೊಳ್ಳಲು ಇಷ್ಟು ವರ್ಷ ಅವಳು ಬೆಂಕಿಯ ಕನ್ನಡಿಗೆ ಮುಖ ಕೊಟ್ಟಿದ್ದಳು. ಸಿಟ್ಟಿಗೆ ಅಳು ಬಂತು.

ಉಪ್ಪಿನಕಾಯಿಯ ಗಾಜಿನ ಭರಣಿ, ಚಾಕೊಲೇಟಿನ ಬೆಳ್ಳಿ ಕಾಗದದ ಎರಡು ಎಲೆ, ವರ್ಕ್‌ಶಾಪಿನದೇ ಒಂದು ಜಸ್ತದ ಲೇಪದ ತಗಡಿನ ತುಂಡು: ಮೇಡಂ ತೋರಿಸಿದ ಪೆಟ್ಟಿಗೆಯಂಥದ್ದನ್ನು ಇಷ್ಟರಲ್ಲೇ ಮನೆಯಲ್ಲಿ ಮಾಡಿದೆ. ಪಾಲಿಶ್ ಕಾಗದದಿಂದ ಅದನ್ನು ಉಜ್ಜಿದೆ. ಪ್ಲಾಸ್ಟಿಕ್ ಪೈಪನ್ನು ಅಪ್ಪನ ಕಂಬಳಿಗೆ ತಿಕ್ಕಿ ತಗಡಿಗೆ ಸವರಿದರೆ ಎಲೆಗಳು ಬಿಚ್ಚಿಕೊಂಡು ನಿಂತವು. ಹೇಳುತ್ತೇನೆ, ಮೊದಲು ನಾನು ಸೇಠನಿಗೆ ಸಭ್ಯವಾಗಿಯೇ ತಿಳಿಸಿ ಹೇಳಲು ಹೋದೆ. ಅವನು ಅಷ್ಟಕ್ಕೇ ಒಪ್ಪಿ ಒಂದು ಮಾಸ್ಕ್ ಕೊಡಿಸಿಬಿಟ್ಟಿದ್ದರೆ ಏನು ಮಾಡುವುದು ಎಂಬ ಅಂಜಿಕೆಯೂ ನನಗಿತ್ತು.

ಅಂದು ಪರ್ವರಿಯ ದೊಡ್ಡ ಕಟ್ಟಡದ ಕಂತ್ರಾಟುದಾರನೊಬ್ಬ ಗೇಟುಗಳ ಕೆಲಸ ನೋಡಲು ಬಂದಿದ್ದ. ಅವನೆದುರಿಗೇ ಎಲೆ ಬಿಚ್ಚಿಸಿ ಭರಣಿಯನ್ನು ಅಂಗಳದ ಬಿಸಿಲಿನಲ್ಲಿಟ್ಟೆ. ಎಲೆ ಅಲುಗಲಿಲ್ಲ. ವರ್ಕ್‌ಶಾಪಿನ ಹ್ಯಾಲೋಜನ್ ದೀಪವನ್ನು ಹತ್ತಿರ ಹಿಡಿದೆ. ಅಲುಗಲಿಲ್ಲ. ಆಮೇಲೆ ಒಳಗೆ, ಚಾಚಾನಿಂದ ದೂರದಲ್ಲಿಟ್ಟು, ನಾನು ಮುಖ ಮುಚ್ಚಿಕೊಂಡು, “ಚಾಚಾ, ಒಂದ ಟಾಕಾ ಹೊಡೀರಿ” ಎಂದೆ. ಅವನು ಒಂದು ಚುಕ್ಕಿ ವೆಲ್ಡಿಂಗ್ ಹಾಕಿದ. ಕಣ್ಣು ತೆಗೆದಾಗ ಎಲೆಗಳು ಕೆಳಗೆ ಜೋತಿದ್ದವು. ನಡುವೆ ಕಿಟಕಿಯ ಗಾಜು ಹಿಡಿದು ಮತ್ತೆ ಮಾಡಿ ತೋರಿಸಿದೆ, ಈ ಸಲ ಬೀಳಲಿಲ್ಲ.

“ನೋಡ್ರಿ ಸೇಠ, ಸೂರ್ಯಾಗ ಆಗದ್ದು ಈ ಕಿಡಿಗೆ ಆಗತೈತಿ. ಗೋಡಿ ತಗಡಿಗೆ ಬಡದ ಅವ್ವನ ಕಣ್ಣಾಗ ಹೊಗಾಕತ್ತೈತಿ” ಎಂದೆ.

ಸೇಠ ಹೊಟ್ಟೆ ಹಿಡಿದುಕೊಂಡು ನಕ್ಕ. “ನಿನ್ನ ಅವ್ವ ಏನ ಜಸ್ತದ ಗೊಂಬಿ ಏನ? ನಿನ್ನ ಉಪ್ಪಿನಕಾಯಿ ಬಾಟ್ಲಿ ತಗೊಂಡ ನಡಿ. ಇನ್ನೊಮ್ಮಿ ಇಲ್ಲಿ ಕಾಲೇಜ ತೋರಿಸಿದ್ರ ನಿನ್ನ ಅವ್ವನ್ನೂ ಕರಕೊಂಡ ಹೋಗ, ಸರಳ ಹಿಡಿಯಾಕ ಮಂದಿ ಭಾಳ ಸಿಗ್ತಾರ.”

ಅವ್ವನ ಮುಖ ಬಿಳುಚಿತು. ಆ ಕೆಲಸ ಹೋದರೆ ಖೋಲಿಯೂ ಹೋದ ಹಾಗೆ, ಅದೂ ಅವನದೇ. ಆದರೆ ನನಗೆ ಅವನು ತಾನಾಗೇ ಬಾಗಿಲು ತೆರೆದುಕೊಟ್ಟಿದ್ದ.

“ಏನೂ ಆಗಂಗಿಲ್ಲ ಅಂದ್ರ ಇವತ್ತ ಒಂದ ಮಧ್ಯಾಹ್ನ ಅವ್ವನ ಜಾಗಾದಾಗ ನೀವ ಕುಂದ್ರಿ. ಅವ್ವ ಹೆಂಗ ಗೋಡಿ ಕಡೆ ನೋಡತಾಳೋ ಹಂಗ ನೋಡ್ರಿ. ನಾಳೆ ನಿಮ್ಮ ಕಣ್ಣ ಚಲೋ ಇದ್ರ ನಾನೂ ಅವ್ವನೂ ಇಲ್ಲಿಂದ ಹೋಗತೀವಿ. ಆಗದಿದ್ರ ಹೇಳ್ರಿ, ಒತ್ತಾಯ ಇಲ್ಲ.”

ಕೊನೆಯ ಮಾತನ್ನು ಕಂತ್ರಾಟುದಾರನ ಮುಖ ನೋಡಿಕೊಂಡೇ ಹೇಳಿದೆ. ಅವನು ಮೀಸೆಯಲ್ಲೇ ನಕ್ಕ. ಅಷ್ಟು ಸಾಕಾಯಿತು. ಸೇಠ ಅಂಗಿಯ ತೋಳು ಮಡಿಸಿ, ಅವ್ವನ ಮಡಿಲಲ್ಲಿದ್ದ ಆ ಬೀಚಿನ ಕನ್ನಡಕವನ್ನು ತೆಗೆದುಕೊಂಡು ಏರಿಸಿ, ಮಣೆಯ ಮೇಲೆ ಕೂತ.

“ಸೇಠ, ಟಾಕಾ ಹೊಡಿಯುವಾಗ ಕಣ್ಣ ಮುಚ್ಚರಿ” ಎಂದ ಚಾಚಾ. ಒಳ್ಳೆಯ ಮನುಷ್ಯ, ತನ್ನ ಧರ್ಮ ತಾನು ಮಾಡಿದ. “ನೀ ನಿನ್ನ ಕೆಲಸಾ ನೋಡ” ಎಂದ ಸೇಠ.

ನಾನು ಅವ್ವನ ಕೈ ಹಿಡಿದು ಸೇಠನ ಕ್ಯಾಬಿನ್ನಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ಫ್ಯಾನು ತಿರುಗುತ್ತಿತ್ತು. ಅವಳನ್ನು ಅವನ ಕುರ್ಚಿಯಲ್ಲಿ ಕೂರಿಸಿ, ಕಿಡಿ ಕಾಣದ ಹಾಗೆ ತಿರುಗಿಸಿದೆ. ಅವಳು ಕುರ್ಚಿಯ ತುದಿಯಲ್ಲಷ್ಟೇ ಕೂತಳು. ಅವನ ದಪ್ಪ ಗಾಜಿನ ಈಚೆ, ಸೆರಗು ಅಡ್ಡ ಹಿಡಿದುಕೊಂಡು ನಾನು ನಿಂತೆ. ಹೊರಗೆ ಒಂದೊಂದು ಕಿಡಿಗೂ ಅಲ್ಯುಮಿನಿಯಂ ಗೋಡೆ ಬೆಳ್ಳಗೆ ಮಿಂಚುತ್ತಿತ್ತು, ಅದರ ಎದುರಿಗೇ ಸೇಠ ಗದ್ದ ಎತ್ತಿ ಕೂತಿದ್ದ. ಕಂತ್ರಾಟುದಾರ ಅಂಗಳಕ್ಕೆ ಹೋಗಿ ಫೋನಿನಲ್ಲಿ ಮಾತಾಡುತ್ತಿದ್ದ. ಸೇಠ ನಡುನಡುವೆ ನಮ್ಮ ಕಡೆ ತಿರುಗಿ ಹಲ್ಲು ಕಿರಿಯುತ್ತಿದ್ದ, ನಾನೂ ಕಿರಿಯುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಅವ್ವ, “ಸಾಕ ಬಿಡವಾ, ಎಬ್ಬಸ ಅವನ್ನ. ಕಣ್ಣ ಅಂದ್ರ ಯಾರದಾದ್ರೂ ಕಣ್ಣ” ಎಂದಳು.

“ನಿನಗ ಫೆನಿ ಅಂದಾಗ ಒಬ್ಬರರ ಸಾಕ ಅಂದ್ರೇನ?”

ಅವ್ವ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಬೆನ್ನು ಆನಿಸಿ ಕೂತಳು.

ಚಹಾದ ಹೊತ್ತಿಗೆ ಸೇಠ ಎದ್ದು ಕನ್ನಡಕ ತೆಗೆದು, ಕಣ್ಣನ್ನು ದೊಡ್ಡದಾಗಿ ಬಿಟ್ಟು ಎಲ್ಲರಿಗೂ ತೋರಿಸಿದ. “ನೋಡ್ರಿ ನೋಡ್ರಿ, ಏನಾತ? ಎಲ್ಲಿ ಪ್ರೊಫೆಸರ್ ಬಾಯಿ?” ಎಂದ. ನಾನು ತಲೆ ತಗ್ಗಿಸಿ ನಿಂತೆ. ನಿಜ ಹೇಳಬೇಕೆಂದರೆ ನಗು ತಡೆಯಲು ತಗ್ಗಿಸಿದ್ದು. ಜಸ್ತದ ಎಲೆಕ್ಟ್ರಾನು ಬೆಳಕು ಬಿದ್ದ ಆ ಕ್ಷಣವೇ ಹೊರಬೀಳುತ್ತದೆ, ಕಣ್ಣು ಮಾತ್ರ ಸಂಜೆಯವರೆಗೆ ಸಮಯ ತೆಗೆದುಕೊಳ್ಳುತ್ತದೆ ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ನನಗೆ ಚೆನ್ನಾಗಿ ಗೊತ್ತಿತ್ತು. ಅವ್ವನ ಜೊತೆ ಎಷ್ಟು ಸಂಜೆ ಕೂತಿರಲಿಲ್ಲ! ಆ ಸಂಜೆ ನಾನು ಹಾಡು ಗುನುಗುತ್ತ ರೊಟ್ಟಿ ಬಡಿದೆ.

ಬೆಳಿಗ್ಗೆ ಲೈನಿನ ನಲ್ಲಿಯ ಹತ್ತಿರ ಹೆಂಗಸರು ಕೊಡ ಹಿಡಿದು ನಿಂತಿದ್ದರು, ಗಂಡಸರು ಕೆಲಸಕ್ಕೆ ಹೊರಟಿದ್ದರು. ಟೆಂಪೋದವನೂ ಅಲ್ಲೇ ಬೀಡಿ ಸೇದುತ್ತಿದ್ದ. ಸೇಠ ಒಂದು ಕೈಯಲ್ಲಿ ಗೋಡೆ ಸವರಿಕೊಂಡು, ಇನ್ನೊಂದು ಕೈಯಲ್ಲಿ ಒದ್ದೆ ಕರವಸ್ತ್ರವನ್ನು ಕಣ್ಣಿಗೆ ಒತ್ತಿಕೊಂಡು ಬಂದ. ನಮ್ಮ ಬಾಗಿಲು ಯಾವುದೆಂದು ತಿಳಿಯದೆ ಮುಗ್ಗರಿಸಿದ.

“ಅಕ್ಕಾ, ಅಕ್ಕಾ ಅದೀರಿ ಏನ್ರಿ? ಅದೇನೋ ಬಟಾಟಿ ಕಟ್ಟತೀರಂತಲ್ರಿ. ಡಾಕ್ಟರ್ ದವಾಖಾನಿ ತೆರಿಯೂತನಕ ಸ್ವಲ್ಪ ಕಟ್ರಿ. ಕಣ್ಣಾಗ ಗಾಜ ಅರದಂಗ ಆಗೈತಿ.”

ಒಂದೇ ಹಗಲಿಗೆ ನಮ್ಮ ಕನ್ನಡದ ಮರ್ಯಾದೆಯೂ ಅವನಿಗೆ ಬಂದುಬಿಟ್ಟಿತ್ತು. ಅವನನ್ನು ಒಳಗೆ ಬಿಡುವ ಮನಸ್ಸು ನನಗಿರಲಿಲ್ಲ, ಅವ್ವ ನನ್ನನ್ನು ಪಕ್ಕಕ್ಕೆ ಸರಿಸಿದಳು. ಅವನನ್ನು ಕಟ್ಟೆಯ ಮೇಲೆ ಕೂರಿಸಿ, ಬಟಾಟಿ ತೊಳೆದು ನಿಧಾನವಾಗಿ ಹೆಚ್ಚಿದಳು. ಅಯ್ಯೋ, ಇವಳು ಎಲ್ಲ ಕ್ಷಮಿಸಿಬಿಡುತ್ತಾಳೆ ಎಂದುಕೊಂಡೆ. ಬಿಲ್ಲೆಗಳನ್ನು ಅವನ ಊದಿದ ರೆಪ್ಪೆಗಳ ಮೇಲಿಟ್ಟು ಬಟ್ಟೆ ಕಟ್ಟಿದಳು, ಗಂಟು ಬಿಗಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಲ್ಲಿಯ ಕಡೆ ಒಮ್ಮೆ ನೋಡಿ, ಇಡೀ ಲೈನಿಗೆ ಕೇಳುವ ಹಾಗೆ ಕೇಳಿದಳು:

“ಮುಂಜಾನಿಗೇ ಫೆನಿ ಹೊಡದ ಬಂದೀರೇನ್ರಿ ಸೇಠ?”

ಮೊದಲು ನಕ್ಕವನು ಟೆಂಪೋದವನೇ. ಆಮೇಲೆ ಕೊಡಗಳು ನಕ್ಕವು, ಬಾಗಿಲುಗಳು ನಕ್ಕವು. ಸೇಠ ಕಟ್ಟಿದ ಕಣ್ಣಿನ ಮುಖವನ್ನು ಅತ್ತ ಇತ್ತ ತಿರುಗಿಸಿದ, ಯಾರು ಯಾರು ನಗುತ್ತಿದ್ದಾರೆಂದು ಅವನಿಗೆ ಕಾಣಲಿಲ್ಲ. ನಾನು ಒಳಗೆ ಹೋಗಿ ಅವ್ವ ಅರ್ಧಕ್ಕೆ ಬಿಟ್ಟಿದ್ದ ಕೌದಿಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅಷ್ಟು ಖುಷಿಯ ಅಳು ನನಗೆ ಮತ್ತೆ ಬಂದಿಲ್ಲ.

ಕಣ್ಣು ಸರಿಹೋದ ಮೇಲೆ ಅವನು ಯಾರ ಮುಖವನ್ನೂ ನೋಡದೆ ಹೆಲ್ಪರುಗಳಿಗೆಲ್ಲ ಮಾಸ್ಕ್ ತಂದು ಮೂಲೆಯಲ್ಲಿ ರಾಶಿ ಹಾಕಿದ. ಅಲ್ಯುಮಿನಿಯಂ ಮೇಲೆ ಕಪ್ಪು ಬಣ್ಣ ಬಳಿಸಿದ. ನಮ್ಮನ್ನು ಕೆಲಸದಿಂದ ತೆಗೆಯುವ ಮಾತು ಎತ್ತಲಿಲ್ಲ. ತೆಗೆದಿದ್ದರೆ ಯಾಕೆ ಎಂದು ಜನ ಕೇಳುತ್ತಿದ್ದರು, ಕೇಳಿದರೆ ಆ ಕಥೆಯನ್ನು ಅವನೇ ಹೇಳಬೇಕಾಗುತ್ತಿತ್ತು. ಕಿರಾಣಿ ಅಂಗಡಿಯಲ್ಲಿ ಈಗ ಫೆನಿಸೇಠ ಎನ್ನುತ್ತಿದ್ದರು. ಉಪ್ಪು ತರಲು ಅವ್ವನೇ ಹೋಗತೊಡಗಿದಳು, ಬೇಕಾದ್ದಕ್ಕೂ ಬೇಡವಾದ್ದಕ್ಕೂ.

ಮಾಸ್ಕ್ ಬಂದ ದಿನ ನಾನೂ ವರ್ಕ್‌ಶಾಪಿನಲ್ಲಿದ್ದೆ. ಚಾಚಾ ಅವಳಿಗೆ ಪಟ್ಟಿ ಬಿಗಿದು ಕಟ್ಟಿ, “ಈಗ ನೋಡ ತಂಗೆವ್ವಾ, ಸೀದಾ ನೋಡ” ಎಂದು ರಾಡು ತಾಗಿಸಿದ. ಇಷ್ಟು ವರ್ಷ ಪಕ್ಕದಲ್ಲೇ ಕೂತು ಒಮ್ಮೆಯೂ ನೋಡದ ಆ ಬೆಳಕನ್ನು ಅವಳು ಮೊದಲ ಸಲ ನೋಡಿದಳು.

“ಇಷ್ಟ ಸಣ್ಣದೇನ ಇದ?” ಎಂದಳು. “ಹಸರ ಚುಕ್ಕಿ. ಇದಕ್ಕ ನಾ ಇಷ್ಟ ವರ್ಷ ಮಾರಿ ತಿರುಗಿಸಿದ್ನೇನ?”

ಅಷ್ಟರಲ್ಲಿ ಸೇಠ ಕ್ಯಾಬಿನ್ನಿನಿಂದ ಹೊರಗೆ ಬಂದು ಏನೋ ಕೂಗಿ ಹೇಳತೊಡಗಿದ. ಅವ್ವ ಮಾಸ್ಕ್ ತೆಗೆಯದೆ ಹಾಗೇ ಅವನ ಕಡೆ ತಿರುಗಿದಳು. ಆ ಗಾಜಿನಲ್ಲಿ ಕಿಡಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಒಂದು ಕ್ಷಣ ಹಾಗೆಯೇ ನೋಡಿ, ನನ್ನ ಕಿವಿಯ ಹತ್ತಿರ ಬಾಗಿದಳು.

“ಭಾಳ ಚಲೋ ಮಾಸ್ಕ ಐತಿ ಬಿಡ. ಇದರಾಗ ಸೇಠ ಕಾಣೂದ ಇಲ್ಲ.”